ಟಿಕ್ ಹೋಗಿ ಚುಕ್ಕಿ ಯು ಬಂತು

ಮಂಡಿಪೇಟೆಯಲ್ಲಿ ನಮ್ಮ ಭಾವನ ಬಟ್ಟೆ ಅಂಗಡಿ ಇದೆ. ಸ್ಟಾಕ್ ಪಟ್ಟಿಯನ್ನು ಅಲ್ಲಿನ ವಿಂಡೋಸ್ ಕಂಪ್ಯೂಟರಿನಲ್ಲಿ ಮಾಡಿ, ಬಂದ ಮಾಲಿಗೆಲ್ಲ ಟಿಕ್ ಹಾಕಿದ್ದರು. ಅದನ್ನೇ ಮನೆಗೆ ತಂದು ವಿಂಡೋಸ್ ಬದಲು ಉಬುಂಟು ಹಾಕಿದ ನನ್ನ ಲ್ಯಾಪ್‌ಟಾಪಿನಲ್ಲಿ ತೆಗೆದರೆ, ಟಿಕ್ ಇದ್ದ ಕಡೆಯೆಲ್ಲ ತಲೆ ಮೇಲೆ ಎರಡು ಚುಕ್ಕಿ ಇಟ್ಟ ಇಂಗ್ಲಿಷ್ ಯು! "ಫೈಲ್ ಕೆಟ್ಟೋಯ್ತಾ?" ಅಂತ ಭಾವ ಗಾಬರಿಯಾದರು.

ಕೆಟ್ಟಿರಲಿಲ್ಲ. ಆ ಟಿಕ್, ಅಕ್ಷರಗಳ ಬದಲು ಚಿಹ್ನೆ ತೋರಿಸುವ ವಿಂಗ್‌ಡಿಂಗ್ಸ್ ಅನ್ನೋ ಫಾಂಟಿನದು. ಫೈಲಿನೊಳಗೆ ಇರುವುದು ಬರೀ 252 ಅನ್ನೋ ನಂಬರ್, ಅದಕ್ಕೆ ಟಿಕ್ ರೂಪ ಕೊಡುವುದು ಫಾಂಟ್. ಆ ಫಾಂಟ್ ಇಲ್ಲದ ಕಡೆ ಅದೇ ನಂಬರಿನ ಮಾಮೂಲಿ ಅಕ್ಷರ ಕಾಣುತ್ತೆ. ಕೆಲವೊಮ್ಮೆ ಖಾಲಿ ಚೌಕ ಬರುತ್ತೆ, ಅಷ್ಟೇ. ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುವುದೂ ಇದೇ ಕಾರಣಕ್ಕೆ ಅಲ್ವಾ? ಎಷ್ಟು ಜನರ ಹಳೇ ಬರಹ ಹೀಗೆ ಓದಲಾಗದೆ ಬಿದ್ದಿದೆಯೋ, ನೆನೆದರೆ ಸಂಕಟವಾಗುತ್ತೆ. ಅವನ್ನು ಪರಿವರ್ತಕ ತಂತ್ರಾಂಶದಲ್ಲಿ ಹಾಕಿ, ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ನಂಬರ್ ಇರುವ ಯೂನಿಕೋಡ್‌ಗೆ ಬದಲಿಸಿಟ್ಟುಕೊಳ್ಳಿ, ದಯವಿಟ್ಟು.

ಯೂನಿಕೋಡಿನಲ್ಲಿ ಟಿಕ್‌ಗೆ ತನ್ನದೇ ನಂಬರ್ ಇದೆ, 2713. ವರ್ಡ್‌ನಲ್ಲಿ 2713 ಅಂತ ಹೊಡೆದು, ಆಲ್ಟ್ ಹಿಡಿದು ಎಕ್ಸ್ ಒತ್ತಿದರೆ ✓ ಬರುತ್ತೆ. ವರ್ಡ್‌ನಂಥದೇ ಕೆಲಸ ಮಾಡುವ ಲಿಬ್ರೆ ಆಫೀಸಿನಲ್ಲೂ ಹಾಗೇ. ಸುಮ್ನೆ ಓದಿ ಪ್ರಿಂಟ್ ತೆಗೆಯೋಕಾದರೆ ಪಿಡಿಎಫ್ ಮಾಡಿ ಕಳಿಸಿ, ಸಾಮಾನ್ಯವಾಗಿ ಫಾಂಟ್ ಅದರೊಳಗೇ ಬರುತ್ತೆ.

ಭಾವನ ಪಟ್ಟಿಯ ಟಿಕ್‌ಗಳನ್ನೆಲ್ಲ ಹುಡುಕಿ ಬದಲಿಸಿ ಕೊಟ್ಟೆ. ಈಗ ಅವರ ಮೊಬೈಲಿನಲ್ಲೂ ಸರಿಯಾಗಿ ಕಾಣುತ್ತಿದೆ.