ಬಿಸಿಲು ಬಡಿದಿದೆ ಅಂದರು, ತೊಂದರೆ ಇದ್ದದ್ದು ಕಿಡ್ನಿಯಲ್ಲಿ

ಯಾದಗಿರಿ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್. ಮೇ ತಿಂಗಳಲ್ಲಿ ಯಾರೇ ಸುಸ್ತಾಗಿ ಬಂದರೂ ಮನೆಯವರ ಮಾತು ಒಂದೇ: "ಬಿಸಲ್ ಬಡದದ ಸಿಸ್ಟರ್, ಒಂದು ಗ್ಲೂಕೋಸ್ ಹಾಕ್ರಿ." ಬಹಳ ಸಲ ಅದು ನಿಜವೂ ಹೌದು.

ಆ ರಾತ್ರಿ ಬಂದ ಅಜ್ಜಿಗೂ ಹಾಗೇ ಅಂದರು. ಶುಗರ್ ಇರುವವರು. "ನಿನ್ನಿಂದ ಏನೇನೋ ಮಾತಾಡ್ತಾಳ್ರಿ, ನನ್ನ ಗುರ್ತಾನೂ ಸಿಗವಲ್ದು ಅಕಿಗಿ" ಅಂದ ಮಗ. ಊರಲ್ಲೇ ಯಾರೋ ನೋವಿನ ಇಂಜೆಕ್ಷನ್ ಕೊಟ್ಟು ಕಳಿಸಿದ್ದರು. ಜ್ವರ 102, ಪಲ್ಸ್ 124, ಬಿ.ಪಿ. 86/50. ಸಂಜೆಯಿಂದ ಬಿಸಿಲಿನ ಕೇಸ್‌ಗಳೇ ಬಂದಿದ್ದವು. ಇದನ್ನೂ ಹಾಗೇ ರಿಜಿಸ್ಟರ್‌ಗೆ ಹಾಕಿ, ಆರ್.ಎಲ್. ಅನ್ನುವ ಡ್ರಿಪ್ ಶುರು ಮಾಡಿದೆವು.

ಸ್ವಲ್ಪ ಹೊತ್ತಿಗೆ ಅಜ್ಜಿಗೆ ನಡುಕ ಶುರುವಾಯಿತು. ಕಾಟ್ ಸದ್ದು ಮಾಡುವಷ್ಟು ನಡುಕ. ಬರೀ ಬಿಸಿಲಿಗೆ ಇಂಥ ಚಳಿ ಬರುವುದು ಅಪರೂಪ. ಡ್ಯೂಟಿ ಡಾಕ್ಟರ್ ಓಡಿ ಬಂದು ಕೇಳಿದ ಮೊದಲ ಮಾತು: "ಯೂರಿನ್ ಎಷ್ಟು ಹೋಗಿದೆ?" ಚಾರ್ಟ್‌ನಲ್ಲಿ ಆ ಕಾಲಂ ಖಾಲಿ. ಆಗ ಗೋಡೆ ಪಕ್ಕ ನಿಂತಿದ್ದ ಸೊಸೆ ಬಾಯಿಬಿಟ್ಟಳು. "ಮುಂಜಾನಿಂದ ಒಂದಕ್ಕ ಹೋಗೇ ಇಲ್ರಿ. ಮೊನ್ನಿಂದ ಎಡಕ್ಕ ಬೆನ್ನು ಹಿಡದದ ಅಂತಿದ್ಲು." ಅಜ್ಜಿಯನ್ನು ನೋಡಿಕೊಳ್ಳುವವಳು ಅವಳೇ. ಅಲ್ಲಿಯವರೆಗೆ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಮಾತೆಲ್ಲ ಮಗನ ಜೊತೆಗೇ ನಡೆದಿತ್ತು.

ಡಾಕ್ಟರ್ ಎಡಪಕ್ಕೆಯ ಹಿಂದೆ ಮೆಲ್ಲಗೆ ತಟ್ಟಿದರು. ಅದುವರೆಗೆ ಗೊಣಗುತ್ತಿದ್ದ ಅಜ್ಜಿ ಚೀರಿದರು. ಮೂತ್ರ ಹೊರಗೆ ತೆಗೆಯುವ ಫೋಲಿ ನಳಿಗೆ ಹಾಕಿದೆವು. ಮೂತ್ರ ಕಟ್ಟಿಕೊಂಡಿದ್ದರೆ ಒಮ್ಮೆಗೇ ಬ್ಯಾಗ್ ತುಂಬಬೇಕಿತ್ತು. ಬಂದದ್ದು 60 ಎಂ.ಎಲ್., ಗಂಜಿ ಥರ ಮಂದ. ಅಂದರೆ ಮೂತ್ರಚೀಲದಲ್ಲಿ ಮೂತ್ರ ನಿಂತಿಲ್ಲ, ಮೇಲೆ ಕಿಡ್ನಿಯಿಂದಲೇ ಇಳಿಯುತ್ತಿಲ್ಲ. ಕಲ್ಚರ್‌ಗೆ, ಅಂದರೆ ಯಾವ ಬ್ಯಾಕ್ಟೀರಿಯಾ ಅಂತ ಬೆಳೆಸಿ ನೋಡುವ ಪರೀಕ್ಷೆಗೆ, ಬಾಟಲಿಯಲ್ಲಿ ಸ್ಯಾಂಪಲ್ ತೆಗೆದು, ಆಮೇಲೆ ಸೆಫ್ಟ್ರಿಯಾಕ್ಸೋನ್ ಆ್ಯಂಟಿಬಯಾಟಿಕ್‌ನ ಮೊದಲ ಡೋಸ್ ಕೊಟ್ಟೆವು. ಕಲಬುರಗಿಗೆ ಕಳಿಸಲು 108 ಬರುವವರೆಗೆ ನಾನು ಬಿ.ಪಿ. ಕಫ್ ಬಿಚ್ಚಲೇ ಇಲ್ಲ. ಎರಡನೇ ಬಾಟಲಿ ಹೋಗುವಾಗ ಮೇಲಿನ ಬಿ.ಪಿ. 90 ದಾಟಿತು.

ಕಲಬುರಗಿಯಲ್ಲಿ ಸ್ಕ್ಯಾನ್ ಮಾಡಿದಾಗ ಗೊತ್ತಾಯಿತು, ಎಡಗಡೆ ಮೂತ್ರನಾಳದಲ್ಲಿ ಕಲ್ಲು ಅಡ್ಡ ಕೂತಿತ್ತು. ಅದರ ಹಿಂದೆ ಕೀವು. ಹೀಗಾದಾಗ ಆ್ಯಂಟಿಬಯಾಟಿಕ್ ಒಂದೇ ಸಾಲದು, ಕಟ್ಟಿದ್ದನ್ನು ಬೇಗ ಹೊರಗೆ ಬಿಡಬೇಕು. ಅದಕ್ಕೆ ಮೂತ್ರನಾಳದೊಳಗೆ ಡಿ.ಜೆ. ಸ್ಟೆಂಟ್ ಅನ್ನುವ ಸಣ್ಣ ಕೊಳವೆ ಹಾಕಿದರು. ಅಜ್ಜಿ ಉಳಿದರು. ಬೆಳಿಗ್ಗೆ ನೋಡೋಣ ಅಂತ ನಮ್ಮಲ್ಲೇ ಇಟ್ಟುಕೊಂಡಿದ್ದರೆ ಏನಾಗುತ್ತಿತ್ತೋ.

ವಯಸ್ಸಾದವರು, ಅದರಲ್ಲೂ ಶುಗರ್ ಇರುವವರು, ಉರಿಮೂತ್ರ ಅಂತ ಹೇಳಿಕೊಂಡು ಬರಲೇಬೇಕು ಅಂತಿಲ್ಲ. ಏನೇನೋ ಮಾತಾಡುವುದು, ಊಟ ಬಿಡುವುದು, ಇಷ್ಟೇ ಕಾಣಬಹುದು. ಹಾಗಂತ ಏನೇನೋ ಮಾತಾಡುವವರಿಗೆಲ್ಲ ಯೂರಿನ್ ಇನ್ಫೆಕ್ಷನ್ ಅನ್ನುವುದೂ ತಪ್ಪು. ಆ ವಯಸ್ಸಿನಲ್ಲಿ ಏನೂ ತೊಂದರೆ ಇಲ್ಲದವರ ಮೂತ್ರದಲ್ಲೂ ಬ್ಯಾಕ್ಟೀರಿಯಾ ಇರಬಹುದು, ಬರೀ ಮೂತ್ರಕ್ಕೆ ಅದ್ದಿ ನೋಡುವ ಸ್ಟ್ರಿಪ್ ನೋಡಿ ಔಷಧಿ ಶುರು ಮಾಡಬಾರದು. ಆದರೆ ಚಳಿಜ್ವರ, ಪಕ್ಕೆನೋವು, ವಾಂತಿ, ಕಡಿಮೆ ಮೂತ್ರ ಜೊತೆಯಾದರೆ ಕಾಯಬಾರದು. ನೀರು ಕಡಿಮೆಯಾದ ಮೈಗೆ ಡೈಕ್ಲೋಫೆನಾಕ್‌ನಂಥ ನೋವಿನ ಇಂಜೆಕ್ಷನ್ ಚುಚ್ಚಿದರೆ ಕಿಡ್ನಿಗೆ ಮತ್ತೊಂದು ಪೆಟ್ಟು. ಇದನ್ನು ಊರೂರಲ್ಲಿ ಹೇಳಬೇಕಿದೆ.

ಉದ್ಯೋಗ ಖಾತ್ರಿ ಕೆಲಸಕ್ಕೆ, ಹತ್ತಿ ಬಿಡಿಸಲು ಹೋಗುವ ಹೆಂಗಸರು ದಿನವಿಡೀ ನೀರು ಕುಡಿಯಲ್ಲ. ಕುಡಿದರೆ ಹೋಗುವುದೆಲ್ಲಿ? ಹೊಲದಲ್ಲಿ ಮರೆ ಇಲ್ಲ. ಜಾಸ್ತಿ ನೀರು ಕುಡಿಯಿರಿ ಅಂತ ಪೋಸ್ಟರ್ ಅಂಟಿಸುವುದು ಸುಲಭ, ಅಲ್ವಾ? ಬಸುರಿಯರ ವಿಷಯದಲ್ಲಂತೂ ನನಗೆ ಸಿಟ್ಟೇ ಬರುತ್ತದೆ. ಅವರಿಗೆ ಉರಿ ಇಲ್ಲದಿದ್ದರೂ ಮೂತ್ರದಲ್ಲಿ ಇನ್ಫೆಕ್ಷನ್ ಇದ್ದರೆ ಔಷಧಿ ಕೊಡಲೇಬೇಕು. ಇಲ್ಲದಿದ್ದರೆ ಕಿಡ್ನಿಗೆ ಏರಬಹುದು, ದಿನ ತುಂಬುವ ಮೊದಲೇ ಹೆರಿಗೆ ಆಗಬಹುದು. ಅದನ್ನು ಪತ್ತೆ ಮಾಡುವ ಕಲ್ಚರ್ ನಮ್ಮಲ್ಲಿ ಆಗಲ್ಲ, ಜಿಲ್ಲೆಗೆ ಕಳಿಸಬೇಕು. ರಿಪೋರ್ಟ್ ಬರುವಷ್ಟರಲ್ಲಿ ಆಕೆ ತವರಿಗೆ ಹೋಗಿರುತ್ತಾಳೆ. ಇದ್ದ ಸ್ಟ್ರಿಪ್ ಡಬ್ಬಿಯೂ ತಿಂಗಳ ಮಧ್ಯಕ್ಕೇ ಖಾಲಿ.

ಈಗ ಕ್ಯಾಶುಯಲ್ಟಿ ಶೀಟ್‌ನಲ್ಲಿ ಬಿ.ಪಿ. ಕೆಳಗೇ "ಕೊನೆಗೆ ಮೂತ್ರ ಹೋಗಿದ್ದು ಯಾವಾಗ" ಅಂತ ಪೆನ್ನಿನಲ್ಲಿ ಸಾಲು ಎಳೆದಿದ್ದೇವೆ. ಅಚ್ಚಾದ ಶೀಟ್‌ನಲ್ಲೂ ಅದು ಬರಲಿ ಅಂತ ಬರೆದು ಕೊಟ್ಟಾಗಿದೆ. ಉತ್ತರ ಇನ್ನೂ ಬಂದಿಲ್ಲ.