ಮಾತೇ ಇಲ್ಲದ ಹಾಡಿಗೆ ಹೆದರಿದವರು

ಆ ಶನಿವಾರ ಗಿಟಾರ್ ಕ್ಲಾಸಿನಲ್ಲಿ ಮೇಷ್ಟ್ರು ಪಾಠ ಶುರು ಮಾಡಲಿಲ್ಲ. ಫೋನನ್ನು ಸ್ಪೀಕರಿಗೆ ಜೋಡಿಸಿ, "ಸುಮ್ನೆ ಕೂತು ಕೇಳಿ" ಅಂದರು. ಅಮೆರಿಕದ ಗಿಟಾರ್ ವಾದಕ ಲಿಂಕ್ ರೇ ಅವರ 'ರಂಬಲ್'. 1958ರದ್ದು. ಎರಡೂವರೆ ನಿಮಿಷವೂ ಇಲ್ಲ. ಹಾಡುವವರೂ ಇಲ್ಲ. ಗಿಟಾರಿನ ಕಾರ್ಡುಗಳು, ಅಂದರೆ ಒಟ್ಟಿಗೆ ಮೀಟುವ ಸ್ವರಗಳು, ನಿಧಾನವಾಗಿ, ಭಾರವಾಗಿ ಬಂದು ಬೀಳುತ್ತವೆ, ಅಷ್ಟೇ. ನನ್ನ ಮೈ ಜುಮ್ಮೆಂದಿತು. ಮುಗಿದ ಮೇಲೆ ಮೇಷ್ಟ್ರು, "ಇದನ್ನ ಅಮೆರಿಕದಲ್ಲಿ ಕೆಲವು ರೇಡಿಯೋದವರು ಹಾಕಲ್ಲ ಅಂದುಬಿಟ್ಟಿದ್ರು" ಅಂದರು.

ಹಾಡಿನ ಸಾಲು ಕೆಟ್ಟದಾಗಿದೆ ಅಂತ ತಡೆಯುವುದನ್ನು ಕೇಳಿದ್ದೇನೆ. ಇದರಲ್ಲಿ ಸಾಲೇ ಇಲ್ಲವಲ್ಲ! ಆದರೆ ಆಗ ಅಲ್ಲಿ ಪಡ್ಡೆ ಹುಡುಗರ ಗುಂಪುಗಳು ಬೀದಿಯಲ್ಲಿ ಹೊಡೆದಾಡುವುದಕ್ಕೆ ರಂಬಲ್ ಅನ್ನುತ್ತಿದ್ದರಂತೆ. ಆ ಹೆಸರು, ಜೊತೆಗೆ ಆ ದನಿ. ಕೇಳಿದರೆ ಹುಡುಗರು ಕೆರಳುತ್ತಾರೆ ಅಂತ ನ್ಯೂಯಾರ್ಕ್, ಬಾಸ್ಟನ್ನಿನ ಸ್ಟೇಷನ್ನುಗಳಿಗೆ ಭಯ.

ಮನೆಗೆ ಬಂದು ಅದರ ಹಿಂದಿನ ಕತೆ ಓದುತ್ತಾ ರಾತ್ರಿ ಬಹಳ ಹೊತ್ತು ಕೂತೆ. ಲಿಂಕ್ ರೇ ಬಡವರ ಮನೆಯ ಹುಡುಗ. ತಾಯಿ ಶಾನೀ ಎಂಬ ಮೂಲನಿವಾಸಿ ಬುಡಕಟ್ಟಿನವರು ಅಂತ ಅವರೇ ಹೇಳುತ್ತಿದ್ದರು. ಸೈನ್ಯದಲ್ಲಿದ್ದಾಗ ಟಿ.ಬಿ. ಹತ್ತಿ ಅವರ ಒಂದು ಶ್ವಾಸಕೋಶವನ್ನೇ ತೆಗೆಯಬೇಕಾಯಿತು. ಹಾಡುವ ಉಸಿರು ಕಮ್ಮಿಯಾಯಿತು. ಎಲ್ಲವನ್ನೂ ಗಿಟಾರಿನಲ್ಲೇ ಹೇಳಬೇಕಾಯಿತು. ವರ್ಜೀನಿಯಾದ ಫ್ರೆಡರಿಕ್ಸ್‌ಬರ್ಗ್‌ನಲ್ಲಿ ಒಂದು ಡ್ಯಾನ್ಸ್ ಕಾರ್ಯಕ್ರಮ. ಆಗ ಜನಪ್ರಿಯವಾಗಿದ್ದ ಒಂದು ಕುಣಿತಕ್ಕೆ ಬಾರಿಸಿ ಅಂದರು. ಇವರಿಗೆ ಆ ಹಾಡು ಬರುತ್ತಿರಲಿಲ್ಲ. ಅಲ್ಲೇ ತೋಚಿದ್ದನ್ನು ಬಾರಿಸಿದರು. ಅಣ್ಣ ಹಾಡುವ ಮೈಕನ್ನು ತಂದು ಗಿಟಾರಿನ ದನಿ ಹೆಚ್ಚಿಸುವ ಪೆಟ್ಟಿಗೆಯ, ಅಂದರೆ ಆಂಪಿನ, ಮುಂದೆ ಇಟ್ಟರು. ಹುಡುಗ ಹುಡುಗಿಯರು ಇನ್ನೊಂದು ಸಲ, ಇನ್ನೊಂದು ಸಲ ಅಂತ ಕೂಗಿದರು. ನನಗೆ ಇಡೀ ಕತೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಆ ಮೈಕು.

ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದರೆ ಆ ಒರಟು ದನಿ ಬರಲೇ ಇಲ್ಲ. ಲಿಂಕ್ ಪೆನ್ಸಿಲ್ ತೆಗೆದುಕೊಂಡು ಆಂಪಿನ ಸ್ಪೀಕರ್ ಕಾಗದಕ್ಕೆ ತೂತು ಹಾಕಿದರು. ಹರಿದ ಕಾಗದ ಅದುರಿ ಬಂದ ಗರಗರ ದನಿಯೇ ನಾವು ಕೇಳುವುದು. ಕೇಡೆನ್ಸ್ ಎಂಬ ರೆಕಾರ್ಡ್ ಕಂಪನಿಯ ಒಡೆಯ ಆರ್ಚಿ ಬ್ಲೇಯರ್ ಅವರಿಗೆ ಇದು ಒಂಚೂರೂ ಹಿಡಿಸಲಿಲ್ಲ. ಅವರ ಮಲಮಗಳಿಗೆ ತುಂಬಾ ಹಿಡಿಸಿತು. ಹಾಗಾಗಿ ರೆಕಾರ್ಡ್ ಹೊರಬಂತು, ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 16ನೇ ಸ್ಥಾನಕ್ಕೂ ಏರಿತು.

ಒಂದೇ ಶ್ವಾಸಕೋಶದ ಮನುಷ್ಯ ತೂತು ಸ್ಪೀಕರಿನಿಂದ ಮಾತಾಡಿದ್ದನ್ನು ಬೀದಿ ಜಗಳ ಅಂದುಕೊಂಡರಲ್ಲ ಅಂತ ನನಗೆ ನಿಜವಾಗಿ ಸಿಟ್ಟು ಬಂತು. 2008ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದೇ ರೆಕಾರ್ಡನ್ನು ದೇಶ ಕಾಪಾಡಬೇಕಾದ ಧ್ವನಿಗಳ ಪಟ್ಟಿಗೆ ಸೇರಿಸಿತು. ಲಿಂಕ್ 2005ರಲ್ಲೇ ತೀರಿಕೊಂಡಿದ್ದರು.

ಮುಂದಿನ ಕ್ಲಾಸಿನಲ್ಲಿ ನಾನೇ ಕೇಳಿಕೊಂಡು ಇದನ್ನು ಕಲಿಯಲು ಶುರು ಮಾಡಿದೆ. ಕಾರ್ಡುಗಳು ಸುಲಭ. ಒಂದು ಕಾರ್ಡ್ ಹೊಡೆದು ಮುಂದಿನದಕ್ಕೆ ಕೈ ತಡೆದು ಕಾಯುವುದು ಕಷ್ಟ. "ಅವಸರ ಮಾಡ್ಬೇಡಿ" ಅನ್ನುತ್ತಾರೆ ಮೇಷ್ಟ್ರು. ಈಗ ಮೊದಲ ಭಾಗ ಬರುತ್ತದೆ.