ನಲವತ್ತೇಳರ ಪರವಾಗಿ

ಮಂಗಳವಾರ ಬೆಳಿಗ್ಗೆ ಎರಡನೆಯ ಪೀರಿಯಡ್ಡಿನಲ್ಲಿ ಹಾಜರಿ ಕರೆಯುತ್ತಾ ನಲವತ್ತೇಳಕ್ಕೆ ಬಂದಾಗ ‘ಎಸ್ ಮೇಡಂ’ ಎಂಬ ಉತ್ತರ ಹಿಂದಿನ ಬೆಂಚಿನಿಂದ ಬಂತು. ನಲವತ್ತೇಳು ಯಾವಾಗಲೂ ಕೂರುವುದು ಕಿಟಕಿಯ ಪಕ್ಕದಲ್ಲಿ. ಅವನ ದನಿಯೂ ಅಷ್ಟು ದಪ್ಪವಲ್ಲ. ತಲೆಯೆತ್ತಿ ‘ಯಾರದು?’ ಎಂದೆ. ಒಂದು ಗಳಿಗೆ ಮೌನ, ಆಮೇಲೆ ಯಾರೋ ಕಿಸಕ್ಕೆಂದು ನಗುವುದು, ಇದು ನಾನು ಕಂಡ ವಾಡಿಕೆ. ಈ ಸಲ ಹಾಗಾಗಲಿಲ್ಲ. ಅರವತ್ತೆರಡನೆಯ ನಂಬರಿನ ಹುಡುಗ ಎದ್ದು ನಿಂತು, ತಲೆಯನ್ನೂ ತಗ್ಗಿಸದೆ, ‘ಅವ್ನು ಬಂದಿಲ್ರೀ ಮೇಡಂ. ಅವನ ಪರವಾಗಿ ನಾನದೀನಲ್ಲ’ ಎಂದನು.

ತರಗತಿಯೆಲ್ಲ ನಕ್ಕಿತು. ನಾನು ರೇಗಿದೆ. ಪ್ರಾಕ್ಸಿ ಹಾಕುವುದು ಮೋಸವೆಂದೂ, ಹೀಗೆ ಕೂಗಿ ಶೇಕಡಾ 75 ಹಾಜರಿ ತುಂಬಿಸಿಕೊಂಡವರು ಪರೀಕ್ಷೆಯಲ್ಲಿ ಯಾರ ಬಾಯಿಂದ ಉತ್ತರ ಹೇಳಿಸುತ್ತಾರೆಂದೂ ಐದು ನಿಮಿಷ ಬೈದ ಮೇಲೆ, ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ: ಅವನೆಲ್ಲಿ?

‘ಎಪಿಎಂಸಿನಾಗೆ ಅದಾನ್ರೀ. ಮೆಕ್ಕೆಜೋಳ ತಂದಾರೆ. ಅವ್ರಪ್ಪಗೆ ಹುಷಾರಿಲ್ಲ, ಅವ್ರ ಬದ್ಲು ಇವ್ನು ನಿಂತಾನೆ.’

ದಾವಣಗೆರೆಯ ಮಾರುಕಟ್ಟೆ ಪ್ರಾಂಗಣವನ್ನು ಮೆಕ್ಕೆಜೋಳದ ಕಾಲದಲ್ಲಿ ನೋಡಿದವರಿಗೆ ‘ನಿಲ್ಲುವುದು’ ಎಂದರೇನೆಂದು ವಿವರಿಸಬೇಕಿಲ್ಲ. ಕಾಳನ್ನು ನೆಲದ ಮೇಲೆ ಹರವಿ ಒಣಗಿಸಬೇಕು, ತೇವಾಂಶ ಹೆಚ್ಚೆಂದರೆ ದರ ಇಳಿಯುತ್ತದೆ, ಟೆಂಡರು ಮುಗಿದು ತೂಕವಾಗುವವರೆಗೆ ರಾಶಿಯ ಬಳಿ ಮನೆಯವರೊಬ್ಬರು ಇರಲೇಬೇಕು. ಅಲ್ಲಿ ಅಪ್ಪನ ಬದಲು ಮಗ, ಇಲ್ಲಿ ಆ ಮಗನ ಬದಲು ಗೆಳೆಯ. ‘ನಾನದೀನಲ್ಲ’ ಎಂಬ ಆ ಮಾತು ಅಂದು ಸಂಜೆ ಮನೆಗೆ ಬಂದರೂ, ಅನ್ನಕ್ಕಿಟ್ಟರೂ ಕಿವಿಯಿಂದ ಹೋಗಲಿಲ್ಲ. ಅವನು ತಪ್ಪು ಮಾಡಿದವನಂತೆ ಹೇಳಿರಲಿಲ್ಲ. ಯಾರೋ ವಹಿಸಿದ ಕೆಲಸವನ್ನು ಮಾಡುತ್ತಿರುವವನಂತೆ ಹೇಳಿದ್ದನು.

ಬಿ.ಕಾಂ. ವಿದ್ಯಾರ್ಥಿಗಳಿಗೆ ಕಂಪನಿ ಕಾನೂನು ಪಾಠ ಮಾಡುವ ನಾನು ‘ಪ್ರಾಕ್ಸಿ’ ಎಂಬ ಪದವನ್ನು ವರ್ಷಕ್ಕೆ ನೂರು ಸಲವಾದರೂ ಉಚ್ಚರಿಸುತ್ತೇನೆ, ಆದರೆ ಅದು ಎಲ್ಲಿಂದ ಬಂತೆಂದು ಒಮ್ಮೆಯೂ ನೋಡಿರಲಿಲ್ಲ. ಆ ರಾತ್ರಿ ನಿಘಂಟು ತೆಗೆದೆ. ಚಿತ್ರದುರ್ಗವು ನಮ್ಮ ಬಸ್ ಕಂಡಕ್ಟರುಗಳ ಬಾಯಲ್ಲಿ ಬರಿಯ ‘ದುರ್ಗ’ವಾದಂತೆ, ‘ಪ್ರೊಕ್ಯುರೇಸಿ’ ಎಂಬ ಉದ್ದನೆಯ ಪದವು ಮಧ್ಯಯುಗದ ಇಂಗ್ಲಿಷರ ನಾಲಗೆಯ ಮೇಲೆ ಸವೆದು ‘ಪ್ರಾಕ್ಸಿ’ಯಾಗಿದೆ. ಅದರ ಹಿಂದಿರುವುದು ಲ್ಯಾಟಿನ್ನಿನ ‘ಪ್ರೋಕುರಾರೆ’: ‘ಪ್ರೋ’ ಎಂದರೆ ಪರವಾಗಿ, ‘ಕುರಾ’ ಎಂದರೆ ಕಾಳಜಿ. ಇನ್ನೊಬ್ಬರ ಪರವಾಗಿ ಕಾಳಜಿ ವಹಿಸುವುದು. ರೋಮನ್ ಚಕ್ರವರ್ತಿಯ ಆಸ್ತಿ ಮತ್ತು ಕಂದಾಯವನ್ನು ಪ್ರಾಂತ್ಯಗಳಲ್ಲಿ ನೋಡಿಕೊಳ್ಳುತ್ತಿದ್ದ ಅಧಿಕಾರಿಗೆ ಪ್ರೊಕ್ಯುರೇಟರ್ ಎಂದು ಹೆಸರಿತ್ತು. ಆ ಪದವೂ ಇಂಗ್ಲಿಷಿನಲ್ಲಿ ಸವೆದು ಏನಾಯಿತೆಂದು ಓದಿದಾಗ ನನಗೆ ನಗು ಬಂತು: ‘ಪ್ರಾಕ್ಟರ್’. ನಮ್ಮ ಕಾಲೇಜಿನಲ್ಲಿ ಕೆಲವು ವಿದ್ಯಾರ್ಥಿಗಳ ಯೋಗಕ್ಷೇಮವನ್ನು ಒಬ್ಬೊಬ್ಬ ಅಧ್ಯಾಪಕರಿಗೆ ವಹಿಸುತ್ತಾರೆ, ಅವರನ್ನು ಪ್ರಾಕ್ಟರ್ ಎನ್ನುತ್ತಾರೆ. ನಲವತ್ತೇಳರ ಪ್ರಾಕ್ಟರ್ ನಾನೇ. ಅವನ ತಂದೆಗೆ ಹುಷಾರಿಲ್ಲವೆಂಬುದು ಪ್ರಾಕ್ಸಿಗೆ ಗೊತ್ತಿತ್ತು, ಪ್ರಾಕ್ಟರಿಗೆ ಗೊತ್ತಿರಲಿಲ್ಲ.

ನಮ್ಮಲ್ಲಿಯೂ ಈ ಕೆಲಸಕ್ಕೆ ಪದಗಳಿಗೆ ಬರವಿಲ್ಲ. ‘ಪ್ರತಿನಿಧಿ’ ಸಂಸ್ಕೃತದ್ದು, ಒಬ್ಬರ ಸ್ಥಾನದಲ್ಲಿ ಇಡಲ್ಪಟ್ಟವರು ಎಂಬ ಅರ್ಥದ್ದು. ‘ವಕೀಲ’, ‘ವಕಾಲತ್ತು’ ಅರಬ್ಬಿಯಿಂದ ಬಂದವು, ನಂಬಿ ಒಪ್ಪಿಸುವ ಭಾವ ಅವುಗಳಲ್ಲಿದೆ. ಆ ಹುಡುಗ ಹೇಳಿದ ‘ಬದ್ಲು’ ಕೂಡ ಅರಬ್ಬಿಯದೇ. ಕಾಳಜಿಯು ಮಾತ್ರ, ನನಗೆ ತಿಳಿದ ಮಟ್ಟಿಗೆ, ನಾವು ಬೈಗುಳದಂತೆ ಬಳಸುವ ‘ಪ್ರಾಕ್ಸಿ’ಯ ಹೊಟ್ಟೆಯಲ್ಲಿಯೇ ಅಡಗಿ ಕುಳಿತಿದೆ.

ಅದು ಅಲ್ಲಿ ಸದಾ ಉಳಿಯಿತೆಂದು ಹೇಳಲಾರೆ. 1810ರಲ್ಲಿ ನೆಪೋಲಿಯನ್ನನು ಆಸ್ಟ್ರಿಯಾದ ರಾಜಕುಮಾರಿಯನ್ನು ಮದುವೆಯಾದಾಗ ವಿಯೆನ್ನಾದ ಇಗರ್ಜಿಯಲ್ಲಿ ವರನ ಸ್ಥಾನದಲ್ಲಿ ನಿಂತವನು ವಧುವಿನ ಚಿಕ್ಕಪ್ಪ ಚಾರ್ಲ್ಸ್. ಹಿಂದಿನ ವರ್ಷವಷ್ಟೇ ವಾಗ್ರಾಮಿನ ಯುದ್ಧದಲ್ಲಿ ನೆಪೋಲಿಯನ್ನನ ಕೈಯಲ್ಲಿ ಸೋತ ಸೇನಾಪತಿ. ಆತನ ಮನಸ್ಸಿನಲ್ಲಿ ಎಷ್ಟು ಕಾಳಜಿಯಿದ್ದೀತು! ಇನ್ನು ನಮ್ಮ 2013ರ ಕಂಪನಿ ಕಾಯ್ದೆಯ 105ನೆಯ ಕಲಮಿನ ಪ್ರಕಾರ ಷೇರುದಾರನು ತನ್ನ ಬದಲಿಗೆ ಪ್ರಾಕ್ಸಿಯನ್ನು ಸಭೆಗೆ ಕಳಿಸಬಹುದು, ಆದರೆ ಹಾಗೆ ಬಂದವನಿಗೆ ಮಾತನಾಡುವ ಹಕ್ಕಿಲ್ಲ, ಪೋಲ್ ನಡೆದರೆ ಮತ ಹಾಕಬಹುದು, ಅಷ್ಟೇ. ಅಲ್ಲಿ ಪ್ರಾಕ್ಸಿಗೆ ಬಾಯಿಯಿಲ್ಲ. ನನ್ನ ತರಗತಿಯಲ್ಲಿ ಪ್ರಾಕ್ಸಿಗೆ ಬಾಯಿಯ ಹೊರತು ಬೇರೇನೂ ಇಲ್ಲ.

ಇದಕ್ಕಿಂತ ಹತ್ತಿರದ ಪ್ರಾಕ್ಸಿಯೊಬ್ಬರು ನಮ್ಮ ಮನೆಯಲ್ಲಿಯೇ ಇದ್ದಾರೆ. ಜಗಳೂರಿನ ಕಡೆಯ ಹಳ್ಳಿಯಲ್ಲಿರುವ ನನ್ನ ಓರಗಿತ್ತಿ ಮಹಿಳಾ ಮೀಸಲು ಸ್ಥಾನದಿಂದ ಗ್ರಾಮ ಪಂಚಾಯಿತಿಗೆ ಗೆದ್ದವರು. ಊರಿನವರು ‘ಮೆಂಬರ್ರೇ’ ಎಂದು ಕರೆಯುವುದು ಮಾತ್ರ ಭಾವನವರನ್ನು. ಹಬ್ಬಕ್ಕೆ ಹೋಗಿದ್ದಾಗ ನೋಡಿದ್ದೇನೆ: ನಡಾವಳಿ ಪುಸ್ತಕ ಮನೆಗೇ ಬಂತು, ಅಕ್ಕ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಭಾವನವರು ಬೆರಳಿಟ್ಟ ಕಡೆ ಸಹಿ ಹಾಕಿ, ಮತ್ತೆ ಒಲೆಯ ಮುಂದೆ ಕುಳಿತರು. ಭಾವನವರು ಕೆಟ್ಟವರಲ್ಲ, ಊರಿಗೆ ಉಪಕಾರಿಗಳೇ. ಆದರೆ 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಕುರ್ಚಿ ಕೊಟ್ಟದ್ದು ಅಕ್ಕನಿಗೆ. ಪ್ರಾಕ್ಸಿ ಬೇಕಾಗುವುದು ಬರಲಾಗದವರಿಗೆ. ಅಡುಗೆಮನೆಯಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿರುವವರ ಪರವಾಗಿ ಮಾತನಾಡುವುದಕ್ಕೆ ಬೇರೆಯೇ ಹೆಸರಿರಬೇಕು. ಹಾಗೆಂದು ಭಾವನವರ ಎದುರು ನಾನೂ ಹೇಳಲಿಲ್ಲ, ಹೋಳಿಗೆ ತಿಂದು ಬಂದೆ.

ಗುರುವಾರ ನಲವತ್ತೇಳು ಬಂದನು. ಅಂಗಿಯ ತೋಳಿನ ಮಡಿಕೆಯಲ್ಲಿ ಜೋಳದ ಹೊಟ್ಟು ಇನ್ನೂ ಅಂಟಿತ್ತು. ತರಗತಿ ಮುಗಿದ ಮೇಲೆ ಕರೆದು, ಹಾಜರಿ ಕೂಗಲು ಗೆಳೆಯನಿಗೆ ನೀನೇ ಹೇಳಿದ್ದೆಯಾ ಎಂದು ಕೇಳಿದೆ.

‘ಇಲ್ರೀ ಮೇಡಂ. ನಾನೇನೂ ಹೇಳಿರ್ಲಿಲ್ಲ. ಅವ್ನೇ ಕೂಗ್ಯಾನೆ. ಮಂಗ್ಳಾರ ನಂಗೆ ಆಬ್ಸೆಂಟೇ ಹಾಕ್ರಿ.’

ಅವನ ಕಣ್ಣೆದುರಿಗೇ ಹಾಕಿದೆ. ಆಮೇಲೆ ಜೋಳದ ವಿಷಯ ಕೇಳಿದೆ. ತೇವಾಂಶ ಜಾಸ್ತಿಯೆಂದರಂತೆ, ಇನ್ನೂ ಎರಡು ದಿನ ಒಣಗಿಸಬೇಕಂತೆ, ನಾಳೆಯೂ ಬರಲಾಗುವುದಿಲ್ಲವಂತೆ. ನಮ್ಮಪ್ಪನಿಗೆ ಒಂದು ಮಾತು ಫೋನ್ ಮಾಡುತ್ತೀರಾ, ಕಾಲೇಜು ತಪ್ಪಿತೆಂದು ಅವರು ಹಾಸಿಗೆಯಲ್ಲಿಯೇ ಬೇಜಾರು ಮಾಡಿಕೊಳ್ಳುತ್ತಿದ್ದಾರೆ ಎಂದನು. ನಂಬರು ಬರೆದುಕೊಂಡೆ. ಹಿಂದಿನ ಬೆಂಚಿನ ಅರವತ್ತೆರಡು ಬಾಗಿಲ ಹೊರಗೆ ಎರಡು ಬ್ಯಾಗು ಹೆಗಲಿಗೇರಿಸಿಕೊಂಡು ಕಾಯುತ್ತಿದ್ದನು.